‘ಪ್ರಯತ್ನ’ ಪದವಿಚಾರ: ಒಂದು ಅಪೂರ್ಣ ಪ್ರೌಢಪ್ರಬಂಧ

ಪ್ರಸ್ತುತ ಪ್ರಬಂಧವು ‘ಪ್ರಯತ್ನ’ವೆಂಬ ಪದವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದ ನೆಲೆಗಟ್ಟಿನ ಚೌಕಟ್ಟಿನೊಳಗೆ ಅನುಸಂಧಾನಕ್ಕೊಡ್ಡುವ ವಿನಮ್ರ ಪ್ರಯತ್ನ. (ಈ ವಾಕ್ಯ ಅರ್ಥವಾಗದವರು ವಿಚಾರಸಂಕಿರಣಗಳಲ್ಲಿ ಊಟದ ಹೊತ್ತಿಗೆ ಮಾತ್ರ ಬರುವವರು.)

ಮೊದಲು ವ್ಯುತ್ಪತ್ತಿ. ‘ಯತ್’ ಧಾತುವಿಗೆ ‘ನಙ್’ ಪ್ರತ್ಯಯ ಹತ್ತಿ ‘ಯತ್ನ’, ಅದರ ಮುಂದೆ ‘ಪ್ರ’ ಸೇರಿ ‘ಪ್ರಯತ್ನ’. ತಾರ್ಕಿಕರು ಇದನ್ನು ಆತ್ಮದ ಗುಣವೆಂದು ತಮ್ಮ 24 ಗುಣಗಳ ಪಟ್ಟಿಗೆ ಸೇರಿಸಿದರು. ಪಾಣಿನಿಗಾದರೋ ಅದು ಬಾಯೊಳಗಿನ ಸಂಗತಿ, ಅಕ್ಷರ ಹೊರಡಿಸಲು ನಾಲಿಗೆ ಪಡುವ ಶ್ರಮ. ವೈಯಾಕರಣರು ಅದನ್ನು ಆಭ್ಯಂತರ, ಬಾಹ್ಯ ಎಂದು ಸೀಳಿ, ಬಾಹ್ಯದಲ್ಲೇ 11 ಬಗೆ ಎಣಿಸಿದರು. ನಮ್ಮ ಕಚೇರಿಗಳು ಪಾಣಿನಿಯ ಪಕ್ಷ. ಅಲ್ಲಿ ಪ್ರಯತ್ನ ಇಂದಿಗೂ ಬಾಯೊಳಗೇ ನಡೆಯುತ್ತದೆ.

ಪ್ರಯೋಗದೃಷ್ಟಿಯಿಂದ ಪ್ರಯತ್ನ 5 ವಿಧ.

ಒಂದು, ಆಶ್ವಾಸನಾತ್ಮಕ: ‘ಪ್ರಾಮಾಣಿಕ ಪ್ರಯತ್ನ ಮಾಡಲಾಗುವುದು.’ ಇಲ್ಲಿ ಕರ್ತೃ ನಾಪತ್ತೆ, ಕ್ರಿಯೆ ಭವಿಷ್ಯದ ಪಾಲು. ‘ಪ್ರಾಮಾಣಿಕ’ ಎಂಬ ವಿಶೇಷಣದಿಂದ ಇನ್ನೊಂದು ಬಗೆಯದೂ ದಾಸ್ತಾನಿದೆ ಎಂದು ತಿಳಿಯುತ್ತದೆ.

ಎರಡು, ಉಪಸರ್ಗಲೋಪಿ: ಕೊಲೆ ಯತ್ನ, ಕಳವು ಯತ್ನ. ಪತ್ರಿಕೆಗಳು ಇಲ್ಲಿ ‘ಪ್ರ’ ಕೊಡುವುದಿಲ್ಲ. ಇಂಥ ಯತ್ನಕ್ಕೆ ಜೈಲುಂಟು. ಮಾಡುತ್ತೇನೆಂದು ಮಾಡದೆ ಕುಳಿತವನಿಗೆ? 2011ರ ಸಕಾಲ ಕಾಯ್ದೆಯಂತೆ ತಡವಾದ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಲೆಕ್ಕ ಹಾಕಿ: 25 ದಿನ ದಾಟಿದ ಮೇಲೆ ವಿಳಂಬ ಪುಕ್ಕಟೆ.

ಮೂರು, ಭಗೀರಥಪ್ರಯತ್ನ. ಗಂಗೆಯನ್ನೇ ಇಳಿಸಿದವನ ಹೆಸರು ಈಗ ಮೋರಿಯ ಹೂಳೆತ್ತಿದವರಿಗೂ ಸಲ್ಲುತ್ತದೆ, ಅದೂ ಅರ್ಧ ಎತ್ತಿದವರಿಗೆ. ನಾಲ್ಕು, ಐದು ಮುಂದಿನ ಸಂಪುಟದಲ್ಲಿ. ನನಗೂ ಸಾಕಾಗಿದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಕನ್ನಡದಲ್ಲಿ ಪ್ರಯತ್ನ ‘ಮಾಡು’ವುದುಂಟು, ‘ಪಡು’ವುದೂ ಉಂಟು. ಕಷ್ಟ, ನೋವು, ಸಂಕಟಗಳನ್ನು ಪಡುವ ಹಾಗೆಯೇ. ಕೌಂಟರಿನ ಒಳಗಿನವರು ಮಾಡುತ್ತಾರೆ, ಹೊರಗೆ ನಿಂತವರು ಪಡುತ್ತಾರೆ. ಯಾವ ನಿಘಂಟನ್ನೂ ತೆರೆಯದೆ ನಾನಿದನ್ನು ಕಲಿತದ್ದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ.

ನನ್ನ ಮುಂದೆ ನಮ್ಮ ಬೀದಿಯ ಅಜ್ಜಿ. ಬೀಡಿ ಸುತ್ತೀ ಸುತ್ತೀ ಬೆರಳಿನ ಗೆರೆ ಸವೆದಿದೆ. ಯಂತ್ರ ಕೆಂಪಾಯಿತು. ‘ಇನ್ನೊಂದ್ಸಲ ಟ್ರೈ ಮಾಡಜ್ಜಿ.’ ಸೆರಗಿಗೆ ಒರೆಸಿ ಒತ್ತಿತು. ಎಣ್ಣೆ ಹತ್ತಲೆಂದು ಬೆರಳನ್ನು ತಲೆಗೂದಲಿಗೆ ಸವರಿ ಒತ್ತಿತು. ‘ಕೈ ತೊಳ್ಕೊಂಡ್ ಬಾ.’ ತೊಳೆದು ಬಂದು ಒತ್ತಿತು. ಆರು ಸಲ. ಜೀವಮಾನವಿಡೀ ದುಡಿದು ಸವೆದ ಹೆಬ್ಬೆಟ್ಟಿಗೆ ‘ನೀನು ನೀನಲ್ಲ’ ಅನ್ನುವ ಯಂತ್ರಕ್ಕೆ ನಾಚಿಕೆ ಇರಲಾರದು, ಸರಿ. ಅದನ್ನು ತಂದಿಟ್ಟವರಿಗೆ?

‘ನಾಳೆ ಬಾ, ಟ್ರೈ ಮಾಡೋಣ’ ಎಂದ ಅಂಗಡಿಯವ.

‘ಆಯ್ತು ಮಗಾ’ ಎಂದು ಅಜ್ಜಿ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡಿತು.