ಬಾಣ ಎಲ್ಲಿಂದ ಹೊರಡುತ್ತದೆ?

"ಮೇಷ್ಟ್ರೇ, ಒಳಗಿದ್ದೀರಾ?" ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದರು. ಚನ್ನರಾಯಪಟ್ಟಣದ ತವರಿನಿಂದ ಬಂದ ಕೊಬ್ಬರಿ ಎಣ್ಣೆ ಕೈಯಲ್ಲಿತ್ತು. ಎಣ್ಣೆ ನೆಪ, ಸಂಕಟ ಮಗಳದು. "ಸೆಕೆಂಡ್ ಪಿಯುಸಿಗೆ ಬಂದಾಗಿಂದ ರಾತ್ರಿಯೆಲ್ಲ ಬಾಣ ಬರೀತಾಳೆ. ಬೆಳಿಗ್ಗೆ ಕೇಳಿದ್ರೆ ಒಂದೂ ನೆನಪಿಲ್ಲ ಅಂತ ಅಳ್ತಾಳೆ. ಅದ್ಯಾವ ಬಾಣ?"

"ಎಲೆಕ್ಟ್ರಾನ್ ಹೋಗೋ ದಾರಿ ಕಣಮ್ಮ," ಅಂದೆ.

ಆ ಬಾಗಿದ ಬಾಣವನ್ನು 1922ರಲ್ಲಿ ಕರ್ಮ್ಯಾಕ್ ಮತ್ತು ರಾಬಿನ್ಸನ್ ಬಳಕೆಗೆ ತಂದರು. ಎಲೆಕ್ಟ್ರಾನ್ ಇರುವ ಕಡೆ ಬಾಲ, ಕೊರತೆ ಇರುವ ಕಡೆ ಮೊನೆ. ಇಷ್ಟನ್ನು ಮೊದಲ ದಿನವೇ ಹೇಳದೆ ಮಕ್ಕಳ ಕೈಗೆ ನೋಟ್ಸು ಕೊಡುವುದನ್ನು ಅರಕಲಗೂಡಿನಲ್ಲೂ ಕಂಡಿದ್ದೇನೆ, ಇಲ್ಲಿ ಹೊಳೆನರಸೀಪುರದಲ್ಲೂ ಕಂಡಿದ್ದೇನೆ. ನನಗದು ಇವತ್ತಿಗೂ ನೋವು.

ಹುಡುಗಿಯೂ ಬೇಲಿ ಹತ್ತಿರ ಬಂದಳು. ನೋಟ್ಸು ಮುಚ್ಚಿಸಿ, ಅವಳು ದಿನಾ ಹತ್ತುವ ಹಾಸನದ ಬಸ್ಸಿನ ಮಾತೆತ್ತಿದೆ.

"ಸೀಟು ಹೇಗೆ ಸಿಗುತ್ತೆ?"

"ಯಾರಾದ್ರೂ ಎದ್ರೆ ಸರ್."

"ಸುತ್ತ ಹತ್ತು ಜನ ನಿಂತಿದ್ರೆ ಬೇಗ ಏಳ್ತಾರಾ?"

"ಇಲ್ಲ, ಅವರ ಸ್ಟಾಪ್ ಬಂದಾಗಲೇ."

ಇಂಗಾಲದ ಮೇಲಿನ ಒಂದು ಗುಂಪು ಹೋಗಿ ಇನ್ನೊಂದು ಬರುವ ಕ್ರಿಯೆಗಳಲ್ಲಿ ಎಸ್‌ಎನ್-1 ಅಂದರೆ ಅದೇ. ಹೊರಡುವ ಗುಂಪು ತಾನಾಗಿ ಎದ್ದ ಮೇಲೆ ಇಂಗಾಲ ಖಾಲಿ; ಕಾಯುವವರು ಎಷ್ಟೇ ಇರಲಿ, ವೇಗ ಹೆಚ್ಚದು. ಎಸ್‌ಎನ್-2ರಲ್ಲಿ ಸೀಟು ಖಾಲಿ ಬೀಳುವುದೇ ಇಲ್ಲ. ಹೊಸಬ ಹಿಂದಿನಿಂದ ಒತ್ತುತ್ತಿದ್ದಂತೆ ಹಳಬ ಮುಂದಿನಿಂದ ಜಾರುತ್ತಾನೆ, ವೇಗ ಇಬ್ಬರದೂ. ಇಂಗಾಲದ ಸುತ್ತ ಮೂರು ದೊಡ್ಡ ಗುಂಪುಗಳಿದ್ದರೆ ಹಿಂದಿನಿಂದ ನುಗ್ಗಲು ಸಂದಿಯೇ ಇರದು. 1930ರ ದಶಕದಲ್ಲಿ ಇಂಗೋಲ್ಡ್ ಮತ್ತು ಹ್ಯೂಸ್ ಕ್ರಿಯೆಗಳ ವೇಗ ಅಳೆದೇ ಈ ಎರಡು ದಾರಿಗಳನ್ನು ಬೇರ್ಪಡಿಸಿದ್ದು.

"ನಮ್ಮಮ್ಮ ಕಮಟು ಬಂದ ಎಣ್ಣೆಗೆ ಕಾಸ್ಟಿಕ್ ಸೋಡ ಹಾಕಿ ಸೋಪು ಮಾಡ್ತಿದ್ರು. ಅದಕ್ಕೂ ಬಾಣ ಇದ್ಯಾ?" ಅಂದರು ತಾಯಿ.

ಎಂಥ ಒಳ್ಳೆಯ ಪ್ರಶ್ನೆ! ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲಿಗೆ ಬೆಸೆದಿರುತ್ತವೆ. ಬೆಸುಗೆಯ ಬಳಿಯ ಇಂಗಾಲದಿಂದ ಆಮ್ಲಜನಕಗಳು ಎಲೆಕ್ಟ್ರಾನನ್ನು ತಮ್ಮತ್ತ ಎಳೆದುಕೊಂಡಿರುವುದರಿಂದ ಅದಕ್ಕೆ ಕೊರತೆ. ಸೋಡದ ಹೈಡ್ರಾಕ್ಸೈಡಿನಲ್ಲಿ ಕೊಡಲು ಜೋಡಿಗಳಿವೆ. "ಈಗ ನೀನೇ ಬರಿ," ಅಂದೆ.

ಹುಡುಗಿ ಕಡ್ಡಿಯಿಂದ ನೆಲದ ಮೇಲೆ ಇಂಗಾಲದಿಂದ ಹೈಡ್ರಾಕ್ಸೈಡಿನತ್ತ ಬಾಣ ಎಳೆದಳು. ನಾನು ಮಾತಾಡಲಿಲ್ಲ. ಒಂದು ಗಳಿಗೆ ನೋಡಿ, ತಾನೇ ಅಳಿಸಿ, ಹೈಡ್ರಾಕ್ಸೈಡಿನಿಂದ ಶುರುಮಾಡಿದಳು. ಎರಡನೆಯ ಬಾಣದಲ್ಲಿ ಜೋಡಿಬಂಧದ ಎಲೆಕ್ಟ್ರಾನುಗಳು ಆಮ್ಲಜನಕದ ಮೇಲೇರಿದವು. ಆಮೇಲೆ ಅವು ಮರಳಿ ಇಳಿದಾಗ ಗ್ಲಿಸರಾಲಿನ ಕಡೆ ಕಳಚಿತು. ಹೊಸದಾಗಿ ಹುಟ್ಟಿದ ಆಮ್ಲ ತನ್ನ ಪ್ರೋಟಾನನ್ನು ಕಳಚಿದವನಿಗೇ ಕೊಟ್ಟು ಸೋಪಾಗಿ ನಿಂತಿತು. ಇನ್ನು ಹಿಂದೆ ಹೋಗುವ ದಾರಿಯಿಲ್ಲ. ನೋಟ್ಸು ಬೇಲಿ ಮೇಲೇ ಮುಚ್ಚಿಕೊಂಡಿತ್ತು.

ನಿಮ್ಮ ಮನೆಯಲ್ಲೂ ಪಿಯುಸಿ ಓದುವ ಮಗುವಿದ್ದರೆ ಇವತ್ತು ಸಂಜೆ ಒಂದು ಬಾಣ ಬರೆಸಿ, ಅದು ಎಲ್ಲಿಂದ ಹೊರಟಿತೆಂದು ಕೇಳಿ ನೋಡಿ.