ಹೆಬ್ಬೆಟ್ಟಿನ ಮಂಜೂರಾತಿ

(ಯಾದಗಿರಿಯ ಒಂದು ಕಚೇರಿ. ಸುರಪುರ ಕಡೆಯ ಬೋರ್‌ವೆಲ್ ಮೋಟಾರು ರಿಪೇರಿಯ ಮಾತು.)

ಮ್ಯಾನೇಜರ್: ತಮ್ಮಾ, ಮೋಟಾರಿನ ಫೈಲ್ ಎಲ್ಲಿಗಿ ಬಂತೋ? ಶಹಾಪುರ ಗುಡ್ಡದ ಬುದ್ಧನಂಗ ಮಲಗೇ ಅದೇನು?

ಗುಮಾಸ್ತ: ಮಂಜೂರಾಗ್ಯಾದ್ರಿ ಸರ್! ವಾಟ್ಸ್‌ಆ್ಯಪ್ ಗ್ರೂಪಿಗಿ ಹಾಕೀನ್ರಿ. ಶಹಾಪುರದ ಸಾಹೇಬ್ರು ಹೆಬ್ಬೆಟ್ಟು ಎತ್ಯಾರ, ಸುರಪುರದವ್ರು ಕೈ ಮುಗಿದಾರ.

ಮ್ಯಾನೇಜರ್: ಕೈ ಮುಗಿದ್ರ ಒಪ್ಪಿದಂಗೋ, ಸಾಕು ಬಿಡಪ್ಪಾ ಅಂದಂಗೋ?

ಗುಮಾಸ್ತ: ಅದನ್ನ ಆಡಿಟ್‌ನವ್ರು ಹೇಳಬೇಕ್ರಿ.

ಮ್ಯಾನೇಜರ್: 2000ದ ಐಟಿ ಕಾಯ್ದೆ ನೋಡೀಯೇನು? ಸಹಿ ಯಾರದಂತ ಗೊತ್ತಾಗಬೇಕು. ಸಹಿ ಬಿದ್ದ ಮ್ಯಾಲ ಕಾಗದ ತಿದ್ದಿದ್ರ ಸಿಕ್ಕಿಬೀಳಬೇಕು. ಅದಕ್ಕೇ ಡಿಜಿಟಲ್ ಸಹಿಯ ಡಾಂಗಲ್ ಕೊಟ್ಟಾರ. 2015ರಿಂದ ಆಧಾರ್ ಓಟಿಪಿ ಇ-ಸಹಿನೂ ನಡೀತದ.

ಗುಮಾಸ್ತ: ನಿಮ್ಮ ಡಾಂಗಲ್ ನನ್ನ ಡ್ರಾದಾಗೇ ಅದರಿ. ಪಿನ್ ಮರೀಬಾರ್ದಂತ ಅದರ ಮ್ಯಾಲೇ ಚೀಟಿ ಹಚ್ಚೀನಿ.

ಮ್ಯಾನೇಜರ್: ಹಂಗಾರ ನಾ ರಜಾದಾಗಿದ್ದಾಗ ಪಾಸಾದ ಬಿಲ್ಲಿಗಿ ಸಹಿ ಮಾಡಿದ್ದು...

ಗುಮಾಸ್ತ: ನೀವೇ ರೀ. ಭಾಳ ಚಂದ ಮಾಡೀರಿ!

ಮ್ಯಾನೇಜರ್: (ಬೆವರು ಒರೆಸಿಕೊಂಡು) ನಮ್ಮಜ್ಜ ಹೆಬ್ಬೆಟ್ಟು ಒತ್ತಿದ್ರ ಓದು ಬರದವ ಅಂತಿದ್ರು.

ಗುಮಾಸ್ತ: ಈಗ ಓದದೇ ಒತ್ತಾವ್ರಿಗಿ ಸಾಹೇಬ್ರು ಅಂತಾರ್ರಿ.

ಮ್ಯಾನೇಜರ್: ಆಡಿಟ್‌ನವ್ರಿಗಿ ಏನ್ ತೋರಿಸ್ತಿ?

ಗುಮಾಸ್ತ: ಗ್ರೂಪಿನ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದೀನ್ರಿ, ಮೂರು ಪ್ರತಿ. ಎಲ್ಲಾದಕ್ಕೂ ಪೆನ್ನಿಲೆ ಒಂದೊಂದು ಸಹಿ ಹಾಕಿ, ಸೀಲ್ ಹೊಡೀರಿ. ನಮ್ಮ ಆಫೀಸು ಪೂರಾ ಪೇಪರ್‌ಲೆಸ್!