ಡೀಸೆಲ್ ರಾಯರ ತುಮಕೂರು ಯಾತ್ರೆ

ಡೀಸೆಲ್ ರಾಯರಿಗೆ ಪೆಟ್ರೋಲ್ ಬಂಕ್ ಇಲ್ಲ. ಇರುವುದು ಏಳು ಸೀಟಿನ ದೊಡ್ಡ ಬಿಳಿ ಗಾಡಿ, ಮನೆಯಲ್ಲಿರುವುದು ಇಬ್ಬರೇ ಆದರೂ. ರಾಜಾಜಿನಗರದ ಮನೆಯಿಂದ ಮಲ್ಲೇಶ್ವರದ ಆಫೀಸಿಗೆ ಹೋಗಿಬರುವುದಷ್ಟೇ ಅದರ ಕೆಲಸ. ಕೊಳ್ಳುವಾಗ ಶೋರೂಮಿನಲ್ಲೇ ಕ್ಯಾಲ್ಕುಲೇಟರ್ ಒತ್ತಿ, ಹತ್ತು ವರ್ಷಕ್ಕೆ ಡೀಸೆಲ್ಲಿನಿಂದ ಎಷ್ಟು ಉಳಿಯುತ್ತದೆಂದು ಸೇಲ್ಸ್ ಹುಡುಗನಿಗೇ ಪಾಠ ಹೇಳಿ ಬಂದವರು. ಪೆಟ್ರೋಲ್ ಕಾರು ಕೊಂಡ ಷಡ್ಡಕನನ್ನು ಕಂಡರೆ ಇವತ್ತಿಗೂ ಅವರಿಗೆ ಮರುಕ.

ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಡಿಪಿಎಫ್ ಎಂಬ ಡಬ್ಬ. 2020ರ ಏಪ್ರಿಲ್ 1ರಂದು ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಯ ದಾರಿಯಲ್ಲಿ ಇದು ಕೂತಿದೆ. ಒಳಗೆಲ್ಲ ಜೇನುಗೂಡಿನಂಥ ಸಣ್ಣ ಸಣ್ಣ ಕೊಳವೆ. ಮೊದಲು ನಮ್ಮ ಒಣಹಾಕಿದ ಬಟ್ಟೆಗೂ ಎದೆಗೂಡಿಗೂ ಬಂದು ಸೇರುತ್ತಿದ್ದ ಮಸಿ ಈಗ ಅಲ್ಲೇ ಸಿಕ್ಕಿಬೀಳುತ್ತದೆ. ನಿಯಮ ಮಾಡಿದವರನ್ನು ನಾನಂತೂ ಬೈಯಲಾರೆ. ಆದರೆ ಆ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಸಂಪಿಗೆ ರಸ್ತೆಯಲ್ಲಿ ಕ್ಲಚ್ ತುಳಿದು ನಿಂತರೆ ಎಲ್ಲಿಂದ ಬರಬೇಕು ಶಾಖ? ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸೇ ಬಂದಿರುತ್ತದೆ.

ಗಾಡಿಗೆ ಮಸಿ ಸುಡುವ ಉಮೇದು ಬರುವುದು ರಾತ್ರಿ, ಸರಿಯಾಗಿ ಮನೆಯ ಗೇಟಿನ ಮುಂದೆ. ನಿಂತಲ್ಲೇ ಎಂಜಿನ್ ಸದ್ದು ಏರುತ್ತದೆ, ಫ್ಯಾನು ಗೊರ್ರೆನ್ನುತ್ತದೆ, ಬಾನೆಟ್ ಸಂದಿಯಿಂದ ಕಾದ ವಾಸನೆ. ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಂತಿತು. ಹೀಗೆ ಮತ್ತೆಮತ್ತೆ ಆದರೆ, ಸುಡಲೆಂದು ಗಾಡಿ ತಾನೇ ಹೆಚ್ಚಾಗಿ ಸುರಿದುಕೊಂಡ ಡೀಸೆಲ್ಲಿನಲ್ಲಿ ಒಂದಷ್ಟು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. “ಆಯಿಲ್ ಕುಡಿಯೋ ಗಾಡಿ ನೋಡಿದ್ದೆ, ಆಯಿಲ್ ಹೆಚ್ಚಾಗೋ ಗಾಡಿ ಇದೇ ಮೊದಲು,” ಅನ್ನುತ್ತಾರೆ ರಾಯರು, ಡಿಪ್‌ಸ್ಟಿಕ್ ಒರೆಸುತ್ತಾ.

“ರೀ, ಸಾರು ಆರಿಹೋಗ್ತಿದೆ.”

“ಐದೇ ನಿಮಿಷ ಕಣೇ. ಒಳಗೆ ಸುಡ್ತಾ ಇದೆ.”

“ನಂಗೂ ಹಂಗೇ ಆಗ್ತಿದೆ.”

ಕೊನೆಗೊಂದು ದಿನ ಮೀಟರಿನಲ್ಲಿ ಡಿಪಿಎಫ್‌ನ ಹಳದಿ ದೀಪ ಹತ್ತಿತು. ಅಂದಿನಿಂದ ರಾಯರ ಭಾನುವಾರಗಳು ಗಾಡಿಯ ವಶ. ಬೆಳಿಗ್ಗೆ ಆರಕ್ಕೆ ಗೊರಗುಂಟೆಪಾಳ್ಯ, ನೆಲಮಂಗಲ ದಾಟಿದೊಡನೆ ಒಂದು ಗೇರ್ ಇಳಿಸಿ, ಆರ್‌ಪಿಎಂ ಎರಡು ಸಾವಿರಕ್ಕೆ ಕಡಿಮೆಯಾಗದಂತೆ, ಎಲ್ಲೂ ನಿಲ್ಲದೆ ಇಪ್ಪತ್ತು ನಿಮಿಷ. ದೀಪ ಆರುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಟೋಲು, ಇಡ್ಲಿ, ಡೀಸೆಲ್ ಸೇರಿಸಿ ಹೊಸ ಲೆಕ್ಕ ಮಾತ್ರ ಅವರು ಹಾಕುವುದಿಲ್ಲ. ಕ್ಯಾಲ್ಕುಲೇಟರ್ ಈಚೆಗೆ ಕಾಣೆಯಾಗಿದೆ.

ಒಂದು ಲಾಭವೂ ಆಗಿದೆ. ಸ್ವಂತ ತಂಗಿಯ ಮನೆಯ ಗೃಹಪ್ರವೇಶಕ್ಕೇ ತಲೆನೋವೆಂದು ತಪ್ಪಿಸಿಕೊಂಡವರು ಈಗ ಸಿರಾದ ದೂರದ ನೆಂಟರ ವೈಕುಂಠ ಸಮಾರಾಧನೆಗೂ ಎಲ್ಲರಿಗಿಂತ ಮೊದಲು ಹಾಜರು. ಚಿತ್ರದುರ್ಗದಲ್ಲಿ ಮದುವೆ ಎಂದರಂತೂ ಮುಖ ಅರಳುತ್ತದೆ.

ಪರಿಚಯದ ಮೆಕ್ಯಾನಿಕ್ ಒಬ್ಬ, “ಡಬ್ಬಾ ಕಿತ್ತಾಕಿ ನೇರ ಪೈಪ್ ಕೂರಿಸ್ತೀನಿ ಸಾರ್, ಪೀಡೆ ತೊಲಗುತ್ತೆ,” ಎಂದ. ಅದು ಕಾನೂನಿಗೆ ವಿರುದ್ಧ, ರಾಯರು ಒಪ್ಪಲಿಲ್ಲ. ಪರಿಸರ ಪ್ರೇಮದಿಂದಲ್ಲ, ವಾರಂಟಿ ಹೋಗುತ್ತದೆಂದು. ಇನ್ನೂ ಒಂದು ಸಂಗತಿ ಅವರಿಗೆ ಯಾರೂ ಹೇಳಿಲ್ಲ. ಮಸಿ ಉರಿದರೂ ಆಯಿಲ್ಲಿನ ಬೂದಿ ಒಳಗೇ ಉಳಿಯುತ್ತದೆ, ಅದಕ್ಕೆ ತುಮಕೂರಲ್ಲ, ಪುಣೆಯವರೆಗೆ ಓಡಿಸಿದರೂ ಪರಿಹಾರವಿಲ್ಲ. ಹೇಳುವ ಧೈರ್ಯ ನನಗಿಲ್ಲ.

ತುಮಕೂರು ಕಡೆ ಕೆಲಸವಿರುವವರು ಶನಿವಾರ ರಾತ್ರಿಯೊಳಗೆ ರಾಯರಿಗೆ ತಿಳಿಸಬಹುದು. ಐದು ಸೀಟು ಖಾಲಿ ಇದೆ. ಟೋಲ್ ಅವರದು, ಇಡ್ಲಿ ನಿಮ್ಮದು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿ ಎನ್ನುವವರು ದಯವಿಟ್ಟು ಬಸ್ಸಿನಲ್ಲಿ ಹೋಗಿ.